ಆಟಿಸಂ ಇರುವ ಪುಟ್ಟ ಮಗುವಿಗೆ ಕೇಳಲು, ತೋರಿಸಲು, ಬೆರೆಯಲು ಕಲಿಸುವುದು: ಮುಂಬೈಯ ಕನ್ನಡ ಮನೆಗಳಿಗೊಂದು ಮಾರ್ಗದರ್ಶಿ

ಮಗುವಿಗೆ ಆಟಿಸಂ ಇದೆ ಎಂದು ಗೊತ್ತಾದ ಮೇಲೆ ಮನೆಯವರು ಕೇಳುವ ಮೊದಲ ಪ್ರಶ್ನೆ, "ಮಾತು ಯಾವಾಗ ಬರುತ್ತೆ?" ಅದು ಸಹಜವೇ. ಆದರೆ ಮಾತಿಗೂ ಮೊದಲು ಕಲಿಯಬೇಕಾದ ಕೆಲವು ಸಂಗತಿಗಳಿವೆ. ಇನ್ನೊಬ್ಬರ ಕಡೆ ತಿರುಗುವುದು. ಬೇಕಾದ್ದನ್ನು ಕೇಳುವುದು. ಬೇಡ ಅನ್ನುವುದು. ಕಂಡದ್ದನ್ನು "ನೋಡು" ಎಂದು ತೋರಿಸುವುದು. ತನ್ನ ಸರದಿ ಬರುವ ತನಕ ಕಾಯುವುದು. ಇವು ಬಂದರೆ ಮಾತಿಲ್ಲದ ಮಗುವೂ ತನ್ನ ಮನಸ್ಸಿನದ್ದನ್ನು ಹೇಳಿಕೊಳ್ಳುತ್ತದೆ. ಇವು ಬಾರದೆ ಬಣ್ಣಗಳ ಹೆಸರು, ಅಂಕಿ, ಎಬಿಸಿಡಿ ಎಲ್ಲ ಬಾಯಿಪಾಠ ಬಂದರೂ, ಬಾಯಾರಿದಾಗ ಅಮ್ಮನ ಹತ್ತಿರ ಬಂದು ನೀರು ಕೇಳುವುದು ಮಗುವಿಗೆ ಗೊತ್ತಾಗುವುದಿಲ್ಲ.

ನಾನು ಸ್ಪೀಚ್ ಥೆರಪಿಸ್ಟ್. ಮಾಟುಂಗಾ, ಮುಲುಂಡ್, ಡೊಂಬಿವಲಿ ಕಡೆಯ ಕನ್ನಡ ಮತ್ತು ತುಳು ಮನೆಗಳ ಮಕ್ಕಳ ಜೊತೆ ಕೆಲಸ ಮಾಡುತ್ತೇನೆ. ಎರಡರಿಂದ ಆರು ವರ್ಷದ ಮಕ್ಕಳಿರುವ ಮನೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪುಣೆ, ಗೋವಾದಲ್ಲಿರುವವರಿಗೂ ಇದರಲ್ಲಿ ಹೆಚ್ಚಿನದೆಲ್ಲ ಹೊಂದುತ್ತದೆ.

ಶುರು ಮಾಡುವ ಮೊದಲು

"ಗಂಡುಮಕ್ಕಳಿಗೆ ಮಾತು ತಡ, ಅವನ ಅಪ್ಪನೂ ತಡವಾಗಿಯೇ ಮಾತಾಡಿದ್ದು" ಎಂದು ಊರಿನ ಹಿರಿಯರು ಫೋನಿನಲ್ಲಿ ಸಮಾಧಾನ ಹೇಳುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೂ ಕಾಯಬೇಡಿ. ವರ್ಷ ತುಂಬಿದ ಮಗು ಹೆಸರು ಹಿಡಿದು ಕರೆದರೆ ತಿರುಗದಿದ್ದರೆ, ಒಂದೂವರೆ ವರ್ಷವಾದರೂ ಬೆರಳು ಮಾಡಿ ಏನನ್ನೂ ತೋರಿಸದಿದ್ದರೆ, ಬಂದಿದ್ದ ಪದಗಳು ನಿಂತುಹೋದರೆ, ಮಕ್ಕಳ ಡಾಕ್ಟರ ಹತ್ತಿರ ಹೋಗಿ. 16ರಿಂದ 30 ತಿಂಗಳ ಮಕ್ಕಳಿಗಾಗಿ ಎಂ-ಚಾಟ್ ಎಂಬ 20 ಪ್ರಶ್ನೆಗಳ ಪಟ್ಟಿ ಇದೆ. ಮಗುವಿಗೆ ಆಟಿಸಂ ಇದೆ ಅಥವಾ ಇಲ್ಲ ಎಂದು ಅದು ತೀರ್ಮಾನಿಸುವುದಿಲ್ಲ. ಇನ್ನೂ ಆಳವಾಗಿ ಪರೀಕ್ಷೆ ಮಾಡಿಸಬೇಕೇ ಎಂದಷ್ಟೇ ತಿಳಿಸುತ್ತದೆ.

ಕಿವಿ ಪರೀಕ್ಷೆಯನ್ನು ಮರೆಯದೆ ಮಾಡಿಸಿ. ಹೆಸರು ಕರೆದರೆ ತಿರುಗದ ಮಗುವಿಗೆ ಕೇಳಿಸುತ್ತಿದೆಯೇ ಎಂಬುದು ಮೊದಲು ಖಚಿತವಾಗಬೇಕು. ಮುಂಬೈಯಲ್ಲಿ ಬಾಂದ್ರಾದ ಅಲಿ ಯಾವರ್ ಜಂಗ್ ಸಂಸ್ಥೆ ಕೇಂದ್ರ ಸರ್ಕಾರದ್ದು. ಶ್ರವಣ ಮತ್ತು ಮಾತಿನ ತೊಂದರೆಗಳಿಗೆಂದೇ ಇರುವ ರಾಷ್ಟ್ರೀಯ ಸಂಸ್ಥೆ. ಮಕ್ಕಳ ಬೆಳವಣಿಗೆಯ ತೊಂದರೆಗಳಿಗೆ ಮುಂಬೈಯಲ್ಲಿ ಉಮ್ಮೀದ್, ಗೋವಾದಲ್ಲಿ ಸೇತು ಕೇಂದ್ರಗಳಿವೆ. ಹಣ ಖರ್ಚು ಮಾಡುವ ಶಕ್ತಿ ಇಲ್ಲದವರು ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ, ಅಂದರೆ ಮಕ್ಕಳ ತೊಂದರೆಗಳಿಗೆ ಬೇಗನೆ ನೆರವು ಕೊಡುವ ಕೇಂದ್ರ, ಎಲ್ಲಿದೆ ಎಂದು ಕೇಳಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಬಂದ ಕೇಂದ್ರಗಳು ಅವು. ಅಲ್ಲಿ ತಪಾಸಣೆಗೆ ದುಡ್ಡು ಕೊಡಬೇಕಿಲ್ಲ. ವಾಸ್ಕೋ, ಪಿಂಪ್ರಿ ಕಡೆ ಕಟ್ಟಡ ಕೆಲಸಕ್ಕೆ ಬಂದಿರುವ ಉತ್ತರ ಕರ್ನಾಟಕದ ಎಷ್ಟೋ ಮನೆಗಳಿಗೆ ಈ ವಿಷಯವೇ ತಲುಪಿರುವುದಿಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ.

ಮೊದಲ ಹೆಜ್ಜೆ: ಒಂದು ವಾರ ಸುಮ್ನೆ ನೋಡಿ

ಏನನ್ನೂ ಕಲಿಸಲು ಹೋಗಬೇಡಿ. ಮಗು ಈಗಾಗಲೇ ಹೇಗೆ ಹೇಳಿಕೊಳ್ಳುತ್ತಿದೆ ಎಂದು ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಬಿಸ್ಕತ್ತು ಬೇಕಾದರೆ ಏನು ಮಾಡುತ್ತದೆ? ನಿಮ್ಮ ಕೈ ಹಿಡಿದು ಡಬ್ಬಿಯ ಹತ್ತಿರ ಎಳೆದೊಯ್ಯುತ್ತದೆಯೇ? ಬೇಡವಾದರೆ ತಟ್ಟೆ ದೂಡುತ್ತದೆಯೇ, ಮುಖ ತಿರುಗಿಸುತ್ತದೆಯೇ, ಕಿರುಚುತ್ತದೆಯೇ? ಖುಷಿಯಾದಾಗ ನಿಮ್ಮ ಕಡೆ ಒಂದು ಕ್ಷಣ ನೋಡುತ್ತದೆಯೇ? ಯಾವ ಹೊತ್ತಿನಲ್ಲಿ ಜಾಸ್ತಿ ಹತ್ತಿರ ಬರುತ್ತದೆ? ಯಾವ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತದೆ?

ಕೈ ಹಿಡಿದು ಎಳೆಯುವುದನ್ನು ಎಷ್ಟೋ ಜನ ಹಟ ಎಂದುಕೊಳ್ಳುತ್ತಾರೆ. ನನ್ನ ಲೆಕ್ಕದಲ್ಲಿ ಅದು ಮಗುವಿನ ಮೊದಲ ವಾಕ್ಯ. ಅಲ್ಲಿಂದಲೇ ಮುಂದಕ್ಕೆ ಕಟ್ಟಬೇಕು. ಅಜ್ಜಿ, ಅಜ್ಜ, ಮನೆಗೆಲಸದವರು ಎಲ್ಲರನ್ನೂ ಕೇಳಿ ಬರೆಯಿರಿ. ಹಗಲಿಡೀ ಮಗುವಿನ ಜೊತೆ ಇರುವವರಿಗೆ ಗೊತ್ತಿರುವುದು, ಏಳೂಕಾಲಿನ ಲೋಕಲ್ ಹಿಡಿದು ರಾತ್ರಿ ಮನೆಗೆ ಬರುವವರಿಗೆ ಗೊತ್ತಿರುವುದಿಲ್ಲ.

ಎರಡನೇ ಹೆಜ್ಜೆ: ನೆಲಕ್ಕೆ ಇಳಿಯಿರಿ

ದಿನಕ್ಕೆ ಹತ್ತು ನಿಮಿಷ. ಟಿವಿ ಆಫ್, ಫೋನು ಇನ್ನೊಂದು ಕೋಣೆಯಲ್ಲಿ. ಒಂದೇ ಕೋಣೆಯ ಮನೆಯಾದರೆ ಮೂಲೆಯಲ್ಲೊಂದು ಚಾಪೆ ಸಾಕು. ಮಗುವಿನ ಎದುರು, ಅದರ ಮುಖದ ಮಟ್ಟಕ್ಕೆ ನಿಮ್ಮ ಮುಖ ಬರುವ ಹಾಗೆ ಕೂತುಕೊಳ್ಳಿ. ಹಿಂದಿನಿಂದ, ಮೇಲಿನಿಂದ ಮಾತಾಡಬೇಡಿ.

ಆಟ ಮಗುವಿನದ್ದೇ ಇರಲಿ. ಅದು ಕಾರಿನ ಚಕ್ರ ತಿರುಗಿಸುತ್ತಿದ್ದರೆ ನೀವೂ ಇನ್ನೊಂದು ಕಾರಿನ ಚಕ್ರ ತಿರುಗಿಸಿ. ಚಮಚ ಸಾಲಾಗಿ ಇಡುತ್ತಿದ್ದರೆ ಒಂದು ಚಮಚ ಕೈಗೆ ಕೊಡಿ. "ಹಾಗಲ್ಲ ಪುಟ್ಟಾ, ಹೀಗೆ ಆಡು" ಅನ್ನಬೇಡಿ. ಮಗುವನ್ನು ಅನುಕರಿಸಿದಾಗ ಅದು ತಿರುಗಿ ನಿಮ್ಮನ್ನು ಗಮನಿಸುವುದು ಜಾಸ್ತಿ. ಆ ಗಮನವೇ ಮುಂದಿನ ಎಲ್ಲದಕ್ಕೂ ಆಧಾರ.

"ಕಣ್ಣು ನೋಡು, ಕಣ್ಣು ನೋಡು" ಎಂದು ಗಲ್ಲ ಹಿಡಿದು ತಿರುಗಿಸುವುದನ್ನು ಬಿಟ್ಟುಬಿಡಿ. ಆಟಿಸಂ ಇರುವ ಎಷ್ಟೋ ದೊಡ್ಡವರು, ಕಣ್ಣಿಗೆ ಕಣ್ಣು ಕೊಟ್ಟು ನೋಡುವುದು ತಮಗೆ ತುಂಬ ಹಿಂಸೆ, ನೋಡುತ್ತಾ ಇದ್ದರೆ ಮಾತೇ ತಲೆಗೆ ಹೋಗುವುದಿಲ್ಲ ಎಂದು ಹೇಳಿದ್ದಾರೆ. ಮಗು ನಿಮ್ಮ ಕೈಯನ್ನೋ ಬಾಯಿಯನ್ನೋ ನೋಡಿದರೂ ನಿಮ್ಮ ಜೊತೆಗೇ ಇದೆ.

ಹತ್ತು ನಿಮಿಷದಲ್ಲಿ ಏನಾಗುತ್ತೆ ಅನ್ನಿಸಬಹುದು. ಗೋವಾದ ಸಂಗಾತ್ ಸಂಸ್ಥೆ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯ ತಂಡ ಸೇರಿ ನಡೆಸಿದ ಪಾಸ್ ಎಂಬ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಎರಡರಿಂದ ಒಂಬತ್ತು ವರ್ಷದ 65 ಮಕ್ಕಳು ಅದರಲ್ಲಿದ್ದರು. ಬ್ರಿಟನ್ನಿನ ಒಂದು ವಿಧಾನವನ್ನು ನಮ್ಮ ಕಡೆಯ ಮನೆಗಳಿಗೆ ಒಗ್ಗಿಸಿ, ತಜ್ಞರಲ್ಲದ ಆದರೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ತಂದೆತಾಯಿಗೆ ಹೇಳಿಕೊಟ್ಟರು. ಮಗುವಿನ ಜೊತೆ ಆಡುವುದನ್ನು ವಿಡಿಯೋ ಮಾಡಿ, ಜೊತೆಗೆ ಕೂತು ನೋಡಿ, "ಇಲ್ಲಿ ಮಗು ನಿಮ್ಮನ್ನು ನೋಡಿತು, ಇಲ್ಲಿ ನೀವು ಕಾದಿರಿ" ಎಂದು ಮಾತಾಡುವುದು ಅದರ ಮುಖ್ಯ ಭಾಗ. ತಂದೆತಾಯಿ ಮಗುವಿಗೆ ಹೊಂದಿಕೊಂಡು ಸ್ಪಂದಿಸುವುದು ಹೆಚ್ಚಿತು. ಮಗು ತಾನಾಗಿ ಅವರ ಹತ್ತಿರ ಹೇಳಿಕೊಳ್ಳಲು ಶುರು ಮಾಡುವುದೂ ಹೆಚ್ಚಿತು. ಇಬ್ಬರೂ ಒಂದೇ ವಸ್ತುವಿನ ಮೇಲೆ ಗಮನ ಇಡುವ ಹೊತ್ತು ಮಾತ್ರ ಕಡಿಮೆಯಾಯಿತು. ಎಲ್ಲವೂ ಒಟ್ಟಿಗೇ ಸುಧಾರಿಸುವುದಿಲ್ಲ ಎಂಬುದಕ್ಕಾಗಿ ಇದನ್ನೂ ಹೇಳುತ್ತಿದ್ದೇನೆ. ಆದರೆ ಮಗು ತಾನಾಗಿ ಶುರು ಮಾಡುವುದಿದೆಯಲ್ಲ, ಅದು ಸಣ್ಣ ವಿಷಯ ಅಲ್ಲವೇ ಅಲ್ಲ.

ಹಾಗಾಗಿ ವಾರಕ್ಕೊಮ್ಮೆ ನೀವೂ ಫೋನನ್ನು ಕುರ್ಚಿಗೆ ಒರಗಿಸಿಟ್ಟು ನಿಮ್ಮ ಆಟವನ್ನು ವಿಡಿಯೋ ಮಾಡಿಕೊಳ್ಳಿ. ಮಗು ಮಲಗಿದ ಮೇಲೆ ನೋಡಿ. ತಪ್ಪು ಹುಡುಕಲು ನೋಡಬೇಡಿ. ಮಗು ನಿಮ್ಮ ಕಡೆ ಯಾವಾಗ ತಿರುಗಿತು, ಅದಕ್ಕೆ ಮುಂಚೆ ನೀವೇನು ಮಾಡಿದಿರಿ ಎಂದು ಹುಡುಕಿ. ಅದನ್ನೇ ಮರುದಿನ ಜಾಸ್ತಿ ಮಾಡಿ.

ಮೂರನೇ ಹೆಜ್ಜೆ: ಕಾಯಿರಿ

ಎಲ್ಲಕ್ಕಿಂತ ಕಷ್ಟದ ಹೆಜ್ಜೆ ಇದು. ಮಗುವಿಗೆ ಬೇಕಾದ್ದು ಬಾಯಿಗೆ ಬರುವ ಮೊದಲೇ ತಂದುಕೊಡುವುದು ನಮ್ಮ ಮನೆಗಳ ರೂಢಿ. ಅದೂ ಅಜ್ಜಿಯಂದಿರು ಇದ್ದರೆ ಕೇಳುವುದೇ ಬೇಡ.

ಲಿಫ್ಟ್ ಇಷ್ಟಪಡುವ ಮಕ್ಕಳು ತುಂಬ. ಲಿಫ್ಟಿನ ಮುಂದೆ ನಿಂತು ಮಗುವನ್ನು ಬಟನ್ ಹತ್ತಿರ ಎತ್ತಿಕೊಳ್ಳಿ. "ಒಂದು, ಎರಡು..." ಅನ್ನಿ. ನಿಲ್ಲಿಸಿ. ನಗುಮುಖದಿಂದ ಕಾಯಿರಿ. ಮನಸ್ಸಿನಲ್ಲೇ ಹತ್ತರ ತನಕ ಎಣಿಸಿ. ಮಗು ಒಂದು ಸದ್ದು ಮಾಡಬಹುದು, ನಿಮ್ಮನ್ನು ನೋಡಬಹುದು, ಮೈ ಕುಣಿಸಬಹುದು. ಏನು ಬಂದರೂ ಅದನ್ನೇ ಉತ್ತರವೆಂದು ತಿಳಿದು "ಮೂರು!" ಎಂದು ಬಟನ್ ಒತ್ತಿಸಿ. ಕಚಗುಳಿ, ಕಣ್ಣಾಮುಚ್ಚಾಲೆ, ಚಾದರದಲ್ಲಿ ಉಯ್ಯಾಲೆ, ಫ್ಯಾನಿನ ಸ್ವಿಚ್, ಯಾವುದರಲ್ಲೂ ಇದನ್ನು ಮಾಡಬಹುದು. ಪ್ರತಿ ಸಲವೂ ಅದೇ ಪದ, ಅದೇ ಕ್ರಮ ಇರಲಿ. ಮುಂದೇನು ಎಂದು ಗೊತ್ತಿದ್ದರೆ ಮಗುವಿಗೆ ತನ್ನ ಪಾಲು ಸೇರಿಸುವ ಧೈರ್ಯ ಬರುತ್ತದೆ.

ನಾಲ್ಕನೇ ಹೆಜ್ಜೆ: ಪ್ರಶ್ನೆ ಕಡಿಮೆ, ಪದ ಕಡಿಮೆ

"ಇದೇನು? ಇದ್ಯಾವ ಬಣ್ಣ? ಹಸು ಏನನ್ನುತ್ತೆ? ಅತ್ತೆಗೆ ಹೇಳು, ಹೇಳು!" ಇದು ಪರೀಕ್ಷೆ. ಇದರಲ್ಲಿ ಮಗುವಿಗೆ ಹೇಳಿಕೊಳ್ಳಲು ಏನೂ ಇಲ್ಲ. ಅದರ ಬದಲು ಮಗು ನೋಡುತ್ತಿರುವುದನ್ನೇ ಹೇಳಿ. ಚೆಂಡು ಉರುಳಿದರೆ "ಹೋಯ್ತು!" ಹಾಲು ಚೆಲ್ಲಿದರೆ "ಅಯ್ಯೋ, ಚೆಲ್ತು." ಮಗುವಿಗೆ ಪದವೇ ಇಲ್ಲದಿದ್ದರೆ ನೀವು ಒಂದೊಂದೇ ಪದ ಬಳಸಿ. ಅದಕ್ಕೆ ಒಂದು ಪದ ಬಂದರೆ ನೀವು ಎರಡಕ್ಕೆ ಹೋಗಿ. "ಚೆಂಡು" ಅಂದರೆ "ಚೆಂಡು ಕೊಡು" ಅನ್ನಿ. ಸದಾ ಮಗುವಿಗಿಂತ ಒಂದೇ ಪದ ಮುಂದೆ.

ಹೇಳಿದ್ದನ್ನೇ ಹೇಳುವ ಮಕ್ಕಳ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನೀವು ದಿನಾ "ನೀರು ಬೇಕಾ?" ಎಂದು ಕೇಳಿ ನೀರು ಕೊಡುತ್ತೀರಿ. ಒಂದು ದಿನ ಮಗು ನಿಮ್ಮ ಹತ್ತಿರ ಬಂದು ನಿಮ್ಮದೇ ದನಿಯಲ್ಲಿ "ನೀರು ಬೇಕಾ?" ಅನ್ನುತ್ತದೆ. ಅದು ನಿಮ್ಮನ್ನು ವಿಚಾರಿಸುತ್ತಿಲ್ಲ, ತನಗೆ ನೀರು ಬೇಕು ಎನ್ನುತ್ತಿದೆ. ನೀರಿನ ಜೊತೆ ಬಂದ ಮಾತನ್ನು ಇಡಿಯಾಗಿ ಎತ್ತಿಕೊಂಡಿದೆ, ಅಷ್ಟೇ. ನಗಬೇಡಿ, ತಿದ್ದಲೂ ಬೇಡಿ. ನೀರು ಕೊಡುತ್ತಾ, ಮಗುವಿನ ಬಾಯಿಂದ ಬರಬೇಕಾದ ಹಾಗೆ "ನೀರು ಬೇಕು" ಅನ್ನಿ. ಮುಂದೆ ನೀವು ಕೇಳುವಾಗಲೂ ಪ್ರಶ್ನೆ ಬಿಟ್ಟು, ಲೋಟ ತೋರಿಸಿ "ನೀರು ಬೇಕು" ಎಂದೇ ಹೇಳಿ ಕಾಯಿರಿ. ಕಾರ್ಟೂನಿನ ಹಿಂದಿ ಡೈಲಾಗು ಹೇಳುವ ಮಕ್ಕಳೂ ಇದ್ದಾರೆ. ಯಾವ ಸಂದರ್ಭದಲ್ಲಿ ಯಾವ ಡೈಲಾಗು ಬರುತ್ತದೆ ಎಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಹೆದರಿದಾಗಲೆಲ್ಲ ಒಂದೇ ಸಾಲು ಬರುತ್ತಿದ್ದರೆ, ಆ ಸಾಲಿನ ಅರ್ಥ "ನಂಗೆ ಭಯ" ಎಂದಿರಬಹುದು.

ಐದನೇ ಹೆಜ್ಜೆ: ಕೇಳಲು ಕಾರಣ ಕೊಡಿ

ಚಕ್ಕುಲಿಯನ್ನು ಪಾರದರ್ಶಕ ಡಬ್ಬಿಯಲ್ಲಿ ಹಾಕಿ, ಮಗು ತಾನೇ ತೆಗೆಯಲಾಗದಷ್ಟು ಬಿಗಿಯಾಗಿ ಮುಚ್ಚಿ, ಕೈಗೆ ಸಿಗುವ ಕಡೆ ಇಡಿ. ಮಗು ಡಬ್ಬಿ ತಂದು ಕೊಟ್ಟರೆ ಅದೇ ಕೇಳಿದ ಹಾಗೆ. "ತೆಗಿ" ಎನ್ನುತ್ತಾ ತೆಗೆದು ಒಂದು ಸಣ್ಣ ತುಂಡು ಕೊಡಿ. ಮುಚ್ಚಿ. ಮತ್ತೆ ಬರಲಿ. ಹೀಗೆ ಒಂದು ಚಕ್ಕುಲಿಗೆ ನಾಲ್ಕೈದು ಸಲ ಮಾತುಕತೆ ಆಗುತ್ತದೆ. ಗುಳ್ಳೆ ಬಿಡುವ ಬಾಟಲಿ, ಕೀಲಿ ಕೊಡುವ ಆಟಿಕೆ ಕೂಡ ಇದಕ್ಕೆ ಒಳ್ಳೆಯದು.

ಇಲ್ಲೊಂದು ಗೆರೆ ಇದೆ. "ಹೇಳಿದ್ರೇ ಕೊಡ್ತೀನಿ" ಎಂದು ಮಗು ಅಳುವ ತನಕ ಹಿಡಿದಿಡುವುದು ಕಲಿಕೆ ಅಲ್ಲ. ಊಟ, ನೀರು, ಮಲಗುವಾಗ ಬೇಕಾದ ಹೊದಿಕೆ, ಇವುಗಳಿಗೆ ಷರತ್ತು ಹಾಕಲೇಬೇಡಿ.

"ಬೇಡ" ಎನ್ನುವುದನ್ನೂ ಇದೇ ಹೊತ್ತಿಗೆ ಕಲಿಸಿ. ಇಷ್ಟವಿಲ್ಲದ ಪಲ್ಯ ತೋರಿಸಿ, ಮುಖ ತಿರುಗಿಸಿದ ತಕ್ಷಣ "ಬೇಡ" ಎಂದು ಕೈಯಾಡಿಸಿ ತೋರಿಸಿ, ತೆಗೆದುಬಿಡಿ. ಬೇಡ ಅಂದರೆ ನಿಲ್ಲುತ್ತದೆ ಎಂದು ಗೊತ್ತಾದ ಮಗು ಕಚ್ಚುವುದು, ಹೊಡೆಯುವುದು ಕಡಿಮೆ ಮಾಡುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಆರನೇ ಹೆಜ್ಜೆ: "ನೋಡು" ಎಂದು ತೋರಿಸುವುದು

ಬೇಕಾದ್ದಕ್ಕೆ ಬೆರಳು ಮಾಡುವುದು ಒಂದು. ಏನೂ ಬೇಡದೆ, ಸುಮ್ನೆ ಖುಷಿ ಹಂಚಿಕೊಳ್ಳಲು ತೋರಿಸುವುದು ಇನ್ನೊಂದು. ಆಟಿಸಂ ಇರುವ ಮಕ್ಕಳಿಗೆ ಎರಡನೆಯದು ಕಷ್ಟ. ಮೊದಲು ಹತ್ತಿರದ ವಸ್ತುವಿನಿಂದ ಶುರು ಮಾಡಿ. ಎರಡು ತಿಂಡಿ ಎರಡು ಕೈಯಲ್ಲಿ ಹಿಡಿದು, ಮಗು ಕೈ ಚಾಚಿದ ಕಡೆ ಅದರ ಬೆರಳನ್ನು ಮೆತ್ತಗೆ ತಿದ್ದಿ ತೋರಿಸಿ ಕೊಡಿ. ಅದು ರೂಢಿಯಾದ ಮೇಲೆ ಕಿಟಕಿಗೆ ಹೋಗಿ. ಹಳಿಯ ಪಕ್ಕದ ಮನೆಯಾದರೆ ನಿಮ್ಮ ಅದೃಷ್ಟ. ಲೋಕಲ್ ಬರುವ ಸದ್ದು ಕೇಳಿದ ತಕ್ಷಣ "ನೋಡು!" ಎಂದು ಬೆರಳು ಮಾಡಿ, ಒಮ್ಮೆ ರೈಲು, ಒಮ್ಮೆ ಮಗುವಿನ ಮುಖ ನೋಡಿ. ಮಗುವಿಗೆ ಇಷ್ಟವಾದದ್ದನ್ನೇ ತೋರಿಸಬೇಕು, ನಿಮಗೆ ಇಷ್ಟವಾದದ್ದನ್ನಲ್ಲ. ಇದಕ್ಕೆ ತಿಂಗಳುಗಳು ಹಿಡಿಯಬಹುದು.

ಏಳನೇ ಹೆಜ್ಜೆ: ಬೇರೆ ಮಕ್ಕಳು, ನೆಂಟರು, ಹಬ್ಬ

ಸೊಸೈಟಿಯ ಪಾರ್ಕಿನಲ್ಲಿ ಹತ್ತು ಮಕ್ಕಳ ನಡುವೆ ಬಿಟ್ಟು "ಆಡು ಹೋಗು" ಅಂದರೆ ಆಗುವುದಿಲ್ಲ. ಒಂದೇ ಮಗು ಸಾಕು, ಸ್ವಲ್ಪ ದೊಡ್ಡದಾಗಿದ್ದರೆ ಇನ್ನೂ ಒಳ್ಳೆಯದು. ಹದಿನೈದು ನಿಮಿಷ, ಸರದಿ ಸ್ಪಷ್ಟವಿರುವ ಆಟ. ಜಾರುಬಂಡಿ, ಚೆಂಡು ಉರುಳಿಸುವುದು. "ಈಗ ಅಕ್ಕ, ಈಗ ನಾನು" ಎಂದು ನೀವು ಪಕ್ಕದಲ್ಲಿ ನಿಂತು ಹೇಳಿ. ಆ ಅಕ್ಕನಿಗೂ ಎರಡು ಮಾತು ಹೇಳಿಕೊಡಿ: ಹತ್ತಿರ ಬಂದು ಕರಿ, ಉತ್ತರಕ್ಕೆ ಸ್ವಲ್ಪ ಕಾಯಿ.

ನೆಂಟರ ಮನೆಯಲ್ಲಿ "ದೊಡ್ಡಮ್ಮನಿಗೆ ಮುತ್ತು ಕೊಡು, ಅಜ್ಜನ ಕಾಲಿಗೆ ಬೀಳು" ಎಂಬ ಒತ್ತಾಯ ಸಾಮಾನ್ಯ. ಮಗುವಿಗೆ ಆಗುವ ಒಂದು ರೀತಿ ಆರಿಸಿ. ಕೈ ಬೀಸುವುದು, ಅಂಗೈಗೆ ಅಂಗೈ ತಟ್ಟುವುದು, ನಮಸ್ಕಾರ, ಯಾವುದಾದರೂ ಆಗಲಿ. ಹೋಗುವ ಮೊದಲೇ ಫೋನ್ ಮಾಡಿ ಅವರಿಗೆ ತಿಳಿಸಿಬಿಡಿ.

ಗಣೇಶ ಚತುರ್ಥಿ ಈ ಊರುಗಳಲ್ಲಿ ತಪ್ಪಿಸಿಕೊಳ್ಳಲಾಗದ ಹಬ್ಬ. ಢೋಲು ತಾಷೆಗೆ ಬೆಚ್ಚುವ ಮಗುವನ್ನು ವಿಸರ್ಜನೆಯ ಮೆರವಣಿಗೆಗೆ ಕರೆದೊಯ್ಯಬೇಡಿ. ಮಂಟಪಕ್ಕೆ ಬೆಳಿಗ್ಗೆ ಜನ ಕಡಿಮೆ ಇರುವಾಗ ಹೋಗಿ. ಹಿಂದಿನ ದಿನ ಮಂಟಪದ ಫೋಟೋ ತೋರಿಸಿ, "ಚಪ್ಪಲಿ ಬಿಡೋದು, ಬಪ್ಪನ ನೋಡೋದು, ಪ್ರಸಾದ, ಮನೆಗೆ" ಎಂದು ಕ್ರಮವಾಗಿ ಹೇಳಿ. ಕಿವಿ ಮುಚ್ಚುವ ಹೆಡ್‌ಫೋನ್ ಬ್ಯಾಗಿನಲ್ಲಿರಲಿ. ಮಗು ಕಿವಿ ಮುಚ್ಚಿಕೊಂಡರೆ ಹೊರಡುವ ಹೊತ್ತಾಯಿತು ಎಂದೇ ಅರ್ಥ.

ಕನ್ನಡ ಬಿಡಬೇಕಾ?

ನನ್ನ ಹತ್ತಿರ ಬರುವ ಹೆಚ್ಚಿನ ಮನೆಗಳಿಗೆ ಯಾರೋ ಒಬ್ಬರು ಹೇಳಿರುತ್ತಾರೆ: "ಮಗುವಿಗೆ ಗೊಂದಲ ಆಗುತ್ತೆ, ಇಂಗ್ಲಿಷ್ ಒಂದೇ ಮಾತಾಡಿ." ಅಂದಿನಿಂದ ಮನೆ ಬದಲಾಗುತ್ತದೆ. ಅಮ್ಮ ತನಗೆ ಸರಾಗವಿಲ್ಲದ ಇಂಗ್ಲಿಷಿನಲ್ಲಿ "ಕಮ್, ಸಿಟ್, ಈಟ್" ಎಂದು ಅಪ್ಪಣೆ ಕೊಡುವುದಷ್ಟಕ್ಕೆ ನಿಲ್ಲುತ್ತಾಳೆ. ಅಜ್ಜಿ ಮಗುವಿನ ಹತ್ತಿರ ಮಾತಾಡುವುದನ್ನೇ ಬಿಡುತ್ತಾರೆ. ಮೊದಲೇ ಮಾತುಕತೆ ಕಡಿಮೆ ಇರುವ ಮಗುವಿನ ಸುತ್ತ ಮಾತುಕತೆ ಇನ್ನೂ ಬತ್ತುತ್ತದೆ. ಇದು ನನಗೆ ತುಂಬ ನೋವು ಕೊಡುವ ಸಂಗತಿ.

ಎರಡು ಭಾಷೆಗಳ ಮನೆಯಲ್ಲಿ ಬೆಳೆಯುವ ಆಟಿಸಂ ಮಕ್ಕಳು ಒಂದೇ ಭಾಷೆಯ ಆಟಿಸಂ ಮಕ್ಕಳಿಗಿಂತ ಮಾತಿನಲ್ಲಿ ಹಿಂದೆ ಬೀಳುವುದಿಲ್ಲ ಎಂದು ಹಲವು ದೇಶಗಳ ಅಧ್ಯಯನಗಳು ಹೇಳಿವೆ. ಆದ್ದರಿಂದ ನೀವು ಯಾವ ಭಾಷೆಯಲ್ಲಿ ಮುದ್ದು ಮಾಡುತ್ತೀರೋ, ರೇಗುತ್ತೀರೋ, ನಗುತ್ತೀರೋ ಅದೇ ಭಾಷೆಯಲ್ಲಿ ಮಾತಾಡಿ. ಕನ್ನಡವಾದರೆ ಕನ್ನಡ, ತುಳುವಾದರೆ ತುಳು. ಶುರುವಿನ ಪದಗಳನ್ನು ಮಾತ್ರ ಮನೆಮಂದಿಯೆಲ್ಲ ಒಂದೇ ಥರ ಬಳಸಿ: ಬೇಕು, ಬೇಡ, ಕೊಡು, ಇನ್ನೂ, ಸಾಕು, ಬಾ, ನೋಡು.

ಶಾಲೆ ಮತ್ತು ಥೆರಪಿ ಕೇಂದ್ರಕ್ಕಾಗಿ ಒಂದು ಪಟ್ಟಿ ಮಾಡಿ. ಮಗು ಬಳಸುವ ಪ್ರತಿ ಕನ್ನಡ ಪದವನ್ನು ದೇವನಾಗರಿಯಲ್ಲಿ ಬರೆದು, ಪಕ್ಕದಲ್ಲಿ ಮರಾಠಿ ಅಥವಾ ಹಿಂದಿ ಅರ್ಥ ಹಾಕಿ. ಮಗು "ಸಾಕು" ಎಂದಾಗ ಟೀಚರಿಗೆ ಅರ್ಥವಾಗದಿದ್ದರೆ, ಅವರ ವರದಿಯಲ್ಲಿ ಮಗು ಮಾತೇ ಆಡುವುದಿಲ್ಲ ಎಂದು ಬರುತ್ತದೆ. ಸಹಾಯ ಬೇಕು, ಟಾಯ್ಲೆಟ್, ಬೇಡ, ಈ ಮೂರನ್ನಾದರೂ ಶಾಲೆಯ ಭಾಷೆಯಲ್ಲೂ ಕಲಿಸಿ.

ಮಾತು ಬರದಿದ್ದರೆ

ಚಿತ್ರ ಬಳಸಿ. ಮಗುವಿನ ಲೋಟ, ಚಪ್ಪಲಿ, ಇಷ್ಟದ ತಿಂಡಿ, ಟಾಯ್ಲೆಟ್‌ಗಳ ಫೋಟೋ ತೆಗೆದು, ಪ್ರಿಂಟ್ ಹಾಕಿಸಿ, ಲ್ಯಾಮಿನೇಟ್ ಮಾಡಿಸಿ ಫ್ರಿಜ್ಜಿಗೆ ಅಂಟಿಸಿ. ಮಗು ಫೋಟೋ ಕೊಟ್ಟರೆ ತಕ್ಷಣ ಆ ವಸ್ತು ಕೊಡಿ, ಹೆಸರೂ ಹೇಳಿ. ಐಐಟಿ ಬಾಂಬೆ ರೂಪಿಸಿದ ಜೆಲ್ಲೋ ಎಂಬ ಉಚಿತ ಆ್ಯಪ್ ಇದೆ. ಚಿತ್ರ ಒತ್ತಿದರೆ ಅದು ಮಾತಾಡುತ್ತದೆ. ಹಿಂದಿ, ಮರಾಠಿ ಸೇರಿ ನಮ್ಮ ದೇಶದ ಭಾಷೆಗಳಲ್ಲೂ ಇದೆ. ಚಿತ್ರ ಕೊಟ್ಟರೆ ಮಗು ಮಾತಾಡುವುದನ್ನೇ ಬಿಡುತ್ತದೆ ಎಂಬ ಭಯ ಬೇಡ. ಹಾಗಾಗುವುದಿಲ್ಲ. ಕೆಲವು ಮಕ್ಕಳಿಗೆ ಅದರಿಂದಲೇ ಮಾತಿಗೆ ದಾರಿ ಸಿಗುತ್ತದೆ.

ಥೆರಪಿ, ದುಡ್ಡು, ಕಾಗದಪತ್ರ

ಬಾಗಿಲು ಹಾಕಿಕೊಂಡು ನಲವತ್ತೈದು ನಿಮಿಷ ಕೂರಿಸಿ, ಏನು ಮಾಡಿದೆವು ಎಂದು ಹೇಳದ ಕೇಂದ್ರ ನನಗೆ ಒಪ್ಪಿಗೆಯಿಲ್ಲ. ಮನೆಯಲ್ಲಿ ಏನು ಮಾಡಬೇಕೆಂದು ನಿಮಗೆ ತೋರಿಸಿಕೊಡುವವರನ್ನು ಹುಡುಕಿ. ಆಟಿಸಂ ವಾಸಿ ಮಾಡುತ್ತೇವೆ ಎನ್ನುವವರಿಂದ ದೂರವಿರಿ. ಸ್ಟೆಮ್ ಸೆಲ್ ಚಿಕಿತ್ಸೆಗೆ ಲಕ್ಷಾಂತರ ರೂಪಾಯಿ ಸುರಿದ ಮನೆಗಳಿವೆ. ಆಟಿಸಂಗೆ ಆ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿ 2022ರಲ್ಲೇ ಹೇಳಿದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಅಂಗವೈಕಲ್ಯ ಪ್ರಮಾಣಪತ್ರ ಮಾಡಿಸಿ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ತೆಗೆದುಕೊಳ್ಳಿ. ಅದಿದ್ದರೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಗೆ ಅರ್ಜಿ ಹಾಕಬಹುದು. ವರ್ಷಕ್ಕೆ ಒಂದು ಲಕ್ಷ ರೂಪಾಯಿ ತನಕ ಸಿಗುವ ಈ ವಿಮೆಯಲ್ಲಿ ಥೆರಪಿ ಖರ್ಚಿಗೂ ಒಂದು ಪಾಲು ಇದೆ. ಹಾಗಾಗಿ ಥೆರಪಿಯ ಪ್ರತಿ ರಸೀದಿಯನ್ನೂ, ಮಗುವಿನ ಹೆಸರು ಮತ್ತು ತಾರೀಖು ಸರಿಯಾಗಿದೆಯೇ ಎಂದು ಅಲ್ಲೇ ನೋಡಿಕೊಂಡು, ಮೊದಲ ದಿನದಿಂದಲೇ ಒಂದು ಫೈಲಿನಲ್ಲಿ ಇಡುತ್ತಾ ಬನ್ನಿ.